ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು

ಮಾರ್ಚ್ ೯, ಭಾನುವಾರ

ಮೊಂಡಿ ಮಗಳಿಗೆ,

ಹಾಗಾಗಿ ನಾನು ಹೇಳುತ್ತಿದ್ದದ್ದು ಇಷ್ಟೇ: ಆ ಪುಸ್ತಕ ಹನ್ನೆರಡು ವರ್ಷದ ಹುಡುಗಿಗೆ ಕೊಡುವಂಥದ್ದಲ್ಲ. ನಿನ್ನೆ ಫೋನಿನಲ್ಲಿ ನೀನೂ ಕೂಗಿದೆ, ನಾನೂ ಕೂಗಿದೆ, ಯಾರದು ಯಾರಿಗೆ ಕೇಳಿಸಿತೋ ದೇವರೇ ಬಲ್ಲ. ನಲವತ್ತು ವರ್ಷ ಕತ್ತರಿ ಯಂತ್ರದ ಪಕ್ಕ ನಿಂತ ಬೈಂಡರನ ಕಿವಿಗೆ ಫೋನೆಂದರೆ ಡಬ್ಬಿಯೊಳಗಿನ ಸೊಳ್ಳೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ಅದೊಂದು ಲಾಭ.

ಅಲ್ಲ, ನಿನಗೆ ನೆನಪಿರಬೇಕಲ್ಲ, ಅದು ಒಂಬೈನೂರ ಹನ್ನೆರಡು ಪುಟದ ಕಾದಂಬರಿ. ಒಂದು ಮುಚ್ಚಿಹೋದ ಗಾಜಿನ ಕಾರ್ಖಾನೆ. ಅದರ ಚಿಮಣಿಯೊಳಗೆ ಮನೆ ಮಾಡಿಕೊಂಡ ಏನೋ ಒಂದು. ಅದಕ್ಕೆ ಮೈಯಿಲ್ಲ, ಬರೀ ಉಸಿರು. ಮಕ್ಕಳು ಯಾರನ್ನು ಹೆಚ್ಚು ಹಚ್ಚಿಕೊಂಡಿದ್ದಾರೋ ಅವರ ಹಾಗೆಯೇ ಬಾಗಿಲ ಹಿಂದೆ ನಿಂತು ಉಸಿರಾಡುತ್ತದೆ. ನಾಲ್ಕು ಮಕ್ಕಳು ಆರುನೂರು ಪುಟ ಹೆದರಿ ಹೆದರಿ ಸಣ್ಣಗಾಗಿ, ಆಮೇಲೆ ದೊಡ್ಡವರಾಗುತ್ತಾರೆ. ಇಷ್ಟೊಂದು ಹೆದರಿಕೆ ನಮ್ಮ ಪಿಟೀಲಿಗೆ ಯಾಕೆ? ಹುಟ್ಟಿದ ತಿಂಗಳಲ್ಲಿ ಅವಳು ಎಳೆದ ರಾಗಕ್ಕೆ ನಾನಿಟ್ಟ ಹೆಸರು ಈಗ ಶಾಲೆಯಲ್ಲೂ ನಡೆಯುತ್ತಿದೆಯಂತೆ, ಕೇಳಿ ಸಂತೋಷವಾಯಿತು. ಅವಳಿಗೆ ಹಕ್ಕಿಗಳ ಪುಸ್ತಕ ಒಂದಿದೆ, ಬಣ್ಣದ ಚಿತ್ರ, ಗಟ್ಟಿ ರಟ್ಟು, ಕಳಿಸುತ್ತೇನೆ. ನಕ್ಷತ್ರಗಳದೂ ಒಂದಿದೆ.

ಆ ಪುಸ್ತಕ ನಮ್ಮದೂ ಅಲ್ಲ. ಬಾಡಿಗೆ ಪುಸ್ತಕದ ಅಂಗಡಿಯವನು ಬೆನ್ನು ಮುರಿದಿದೆ ಎಂದು ಕೊಟ್ಟು ಹೋದ, ತಿರುಗಿ ಬರಲಿಲ್ಲ, ಅಂಗಡಿಯೇ ಎದ್ದುಹೋಯಿತು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಟು ಬಿ ಫ್ರ್ಯಾಂಕ್ ಎಂದು ಶುರು ಮಾಡಿದರೆ ಮುಂದೆ ಸುಳ್ಳು ಬರುತ್ತದೆ ಎಂದು ಕೊನೆಯ ಬೆಂಚಿಗೂ ಗೊತ್ತಿತ್ತು. ಟು ಬಿ ಫ್ರ್ಯಾಂಕ್, ಅದನ್ನು ಎಲ್ಲಿಟ್ಟಿದ್ದೇನೋ ನನಗೆ ಜ್ಞಾಪಕವಿಲ್ಲ.

ಕೆಳಮನೆಯ ಹೊಲಿಗೆಯಾಕೆ ಈಗಷ್ಟೇ ಕಿಟಕಿಯಿಂದ ಕೇಳಿದಳು. “ಮಗಳಿಗೆ ಕಾಗದಾನಾ? ಫೋನ್ ಮಾಡಿದ್ರೆ ಆಗಲ್ವಾ?”

“ಕಿವಿ ಕೇಳಲ್ಲಮ್ಮ.”

“ಬೇಕಾದ್ದು ಕೇಳುತ್ತೆ, ಬೇಡದ್ದು ಕೇಳಲ್ಲ. ಗಂಡಸರ ಕಿವಿ ಎಲ್ಲಾ ಒಂದೇ ಕಂಪನಿದು.”

ಇಂಥವರ ನಡುವೆ ನನ್ನ ಬಾಳು. ಮಂಡಿ ಪರವಾಗಿಲ್ಲ. ಅಳಿಯನನ್ನು ಕೇಳಿದೆನೆಂದು ಹೇಳು.

ನಿನ್ನ
ಅಪ್ಪ


ಮಾರ್ಚ್ ೨೦

ಅಪ್ಪ,

ಪುಸ್ತಕ ನಿನ್ನ ಮಂಚದ ಪಕ್ಕದ ಕಪಾಟಿನಲ್ಲಿದೆ. ಕೆಳಗಿನ ಅರೆ, ಹಳೆಯ ಟವೆಲುಗಳ ಹಿಂದೆ. ಹೋದ ಸಲ ಬಂದಾಗ ನೋಡಿದ್ದೇನೆ. ಹಸಿರು ಬಟ್ಟೆಯ ಬೆನ್ನು, ಇಟ್ಟಿಗೆಯಷ್ಟು ದಪ್ಪ, ಮರೆತುಹೋಗುವಂಥ ವಸ್ತುವಲ್ಲ.

ಇವತ್ತು ಕನ್ನಡಕದ ಅಂಗಡಿಯಲ್ಲಿ ಹದಿನಾಲ್ಕು ಜನರ ಕಣ್ಣು ಪರೀಕ್ಷೆ ಮಾಡಿದೆ. ಒಬ್ಬ ಅಜ್ಜ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ, ಕಾಣುತ್ತದೆ ಎಂದು ತೋರಿಸುವುದಕ್ಕೆ. “ಹಲಗೆ ತಿರುಗಿಸಿದೀನಿ ಅಜ್ಜಾ” ಅಂದೆ. ಆದರೂ ಹಳೆಯ ಸಾಲುಗಳನ್ನೇ ಒಪ್ಪಿಸುತ್ತಿದ್ದ. ನಿನ್ನ ಕಾಗದ ಓದುವಾಗ ಅವನ ನೆನಪಾಯಿತು.

ವಿಷಯ ಏನೆಂದರೆ, ಪಿಟೀಲು ಹೆದರುತ್ತಿದ್ದಾಳೆ. ಗೋಡೆಯೊಳಗೆ ನೀರಿನ ಕೊಳವೆ ಸದ್ದು ಮಾಡಿದರೆ ಯಾರೋ ಉಸಿರಾಡುತ್ತಿದ್ದಾರೆ ಎನ್ನುತ್ತಾಳೆ. ನಾನು ಅವಳಿಗೆ ಏನೂ ಹೇಳಿಕೊಟ್ಟಿಲ್ಲ, ಅವಳಾಗಿಯೇ ಕಂಡುಕೊಂಡಿದ್ದು. ಅವಳಪ್ಪ ನಗುತ್ತಾನೆ. “ನಿಮ್ಮಮ್ಮನ್ನ ನೋಡು, ಮದುವೆ ಆದಾಗಿಂದ ಒಂದು ಬಾಗಿಲು ಮುಚ್ಚಿದ್ದು ನಾ ಕಂಡಿಲ್ಲ. ಬಚ್ಚಲಿಗೂ ಅರ್ಧ ಬಾಗಿಲು. ಮನೆಗೆ ಬಂದ ನೆಂಟರು ಹಾಡು ಹೇಳ್ಕೊಂಡು ಸ್ನಾನ ಮಾಡ್ಬೇಕು.”

ಅವಳಿಗೆ ಆ ಕಾದಂಬರಿಯ ದೊಡ್ಡ ಹುಡುಗಿಯ ಕಥೆ ಹೇಳಿದೆ. ನಾಲ್ವರಲ್ಲಿ ಎಲ್ಲರಿಗಿಂತ ಧೈರ್ಯದವಳು ಅವಳೇ, ಆದರೂ ಮುಖ್ಯವಾದ ಬಾಗಿಲ ಮುಂದೆ ಏನು ಮಾಡಿದಳು ಗೊತ್ತಾ ಎಂದು ಆ ವಾಕ್ಯ ಹೇಳಿದೆ. “ಅವಳು ಬಾಗಿಲಿನ ಹಿಡಿಕೆಯ ಮೇಲೆ ಕೈ ಇಟ್ಟಳು, ಆಮೇಲೆ ತಿರುಗಿ ನೋಡದೆ ಓಡಿದಳು.” ಓಡಿದವಳೂ ಕೊನೆಗೆ ದೊಡ್ಡವಳಾಗುತ್ತಾಳೆ, ಓಡಿದ್ದಕ್ಕೆ ಯಾರೂ ಅವಳನ್ನು ಕೇಳುವುದಿಲ್ಲ. ಅಪ್ಪ, ಆ ವಾಕ್ಯ ಸಿಗದಿದ್ದರೆ ನಾನು ಹನ್ನೆರಡನೇ ವರ್ಷದಲ್ಲೇ ನಿಂತುಹೋಗುತ್ತಿದ್ದೆ. ಅಮ್ಮ ಹೋದ ದಿನದ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ, ಈಗಲೂ ಬೇಡ. ಪುಸ್ತಕ ಕಳಿಸು. ಹಕ್ಕಿ ಬೇಡ.

ಮೊಂಡಿ


ಏಪ್ರಿಲ್ ೧೪

ಮೊಂಡೀ,

ಸಿಕ್ಕಿತು. ಟವೆಲುಗಳ ಹಿಂದೆಯೇ ಇತ್ತು, ನೀನು ಹೇಳಿದ ಹಾಗೆ.

ತಡವಾಯಿತು ಎಂದು ಬೇಸರ ಮಾಡಿಕೊಳ್ಳಬೇಡ. ಎರಡು ಸಲ ಕಟ್ಟಿದೆ, ಎರಡು ಸಲ ಬಿಚ್ಚಿದೆ. ಕೊನೆಗೆ ಹೊಲಿಗೆಯಾಕೆಯ ಕೈಗೇ ಕೊಟ್ಟು ಅಂಚೆಗೆ ಹಾಕಿಸಿದೆ. “ಏನಿದು, ಮಗಳು ಮನೆ ಕಟ್ಟಿಸ್ತಿದಾಳಾ, ಇಟ್ಟಿಗೆ ಕಳಿಸ್ತಿದೀರಾ?” ಎಂದು ಕೇಳಿದಳು. ನಗು ಬರಲಿಲ್ಲ.

ಅದನ್ನು ನೀನು ಓದಿದ ರೀತಿಯಲ್ಲಿ ಪ್ರಪಂಚದಲ್ಲಿ ಬೇರೆ ಯಾರೂ ಓದಿರಲಾರರು. ಹಳೆಯ ಹೊಲಿಗೆ ಬಿಚ್ಚಿ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿದ್ದೆ. ಹದಿನಾರು ಪುಟದ ಒಂದೊಂದು ಮಡಿಕೆ, ನಮ್ಮವರ ಬಾಯಲ್ಲಿ ಫಾರಂ, ಒಟ್ಟು ಐವತ್ತೇಳು. ನೀನು ಶಾಲೆಯಿಂದ ಬಂದು ಮುಕ್ಕಾಲಿ ಎಳೆದುಕೊಂಡು ಒಂದು ಫಾರಂ ಓದಿ ಮುಗಿಸಿ ಕೈ ಚಾಚುತ್ತಿದ್ದೆ. “ಮುಂದಿಂದು.” ನಾನು ಕೊಡುತ್ತಿದ್ದೆ. “ಮುಂದಿಂದು.” ಡಾಕ್ಟರು ಔಷಧಿ ಕೊಟ್ಟ ಹಾಗೆ, ಎಷ್ಟು ಬೇಕೋ ಅಷ್ಟೇ. ಒಳಗಿನ ಕೋಣೆಯಲ್ಲಿ ನಿನ್ನಮ್ಮ ಮಲಗಿದ್ದಳು. ಅವಳ ಎದೆಯ ಸದ್ದು ನಾವು ಕೂತಲ್ಲಿಗೆ ಕೇಳುತ್ತಿತ್ತು, ನೀನು ಓದುತ್ತಿದ್ದದ್ದೂ ಉಸಿರಿನ ಕಥೆ. ನಾನು ಆಗಲೇ ಆ ಪುಸ್ತಕ ಕಸಿದುಕೊಳ್ಳಬೇಕಿತ್ತು.

ಒಂದು ಮಾತು. ಪಿಟೀಲು ಇದನ್ನೇ ಓದಲಿ. ಬೇರೆ ಪ್ರತಿ ಕಣ್ಣಿಗೆ ಬಿದ್ದರೂ ಕೊಳ್ಳಬೇಡ. ಬೇರೆಯವು ಅಷ್ಟು ಚೆನ್ನಾಗಿಲ್ಲ, ಕಾಗದ ಕಳಪೆ.

ಇನ್ನೇನೋ ಬರೆಯಬೇಕೆಂದು ಕೂತಿದ್ದೆ. ಇರಲಿ.

ಅಪ್ಪ


ಜೂನ್ ೨

ಅಜ್ಜಾ,

ನಿನ್ನ ಪುಸ್ತಕ ಕಳ್ಳ! ನಿಜವಾಗಿ! ಕೇಳು.

ಮೊದಲನೇದಾಗಿ ಅದರಲ್ಲಿ ಪುಟಕ್ಕೆ ನಂಬರೇ ಇಲ್ಲ. ಎಲ್ಲಿವರೆಗೆ ಓದಿದೆ ಅಂತ ಅಮ್ಮ ಕೇಳಿದ್ರೆ ನಾಯಿ ಸತ್ತ ಹತ್ರ, ಕಿಟಕಿ ಒಡೆದ ಹತ್ರ, ಅಂತ ಹೇಳ್ಬೇಕು. ಅಮ್ಮನೂ ಚಿಕ್ಕೋಳಿದ್ದಾಗ ಇದನ್ನ ಎರಡನೇ ಸಲ ಓದುವಾಗ ಹಂಗೇ ಹೇಳ್ತಿದ್ಲಂತೆ. ಎರಡನೇದು, ನನ್ನ ಕ್ಲಾಸಲ್ಲಿ ಹಲ್ಲಿಗೆ ತಂತಿ ಹಾಕ್ಕೊಂಡಿರೋ ಗೆಳತಿ ಇದಾಳೆ, ಹಲ್ಲುತಂತಿ ಅಂತೀವಿ, ಅವಳ ಹತ್ರ ಅದೇ ಪುಸ್ತಕ ಇದೆ, ಅವಳ ಮಾವಂದು. ಅದರಲ್ಲಿ ನಂಬರ್ ಇದೆ. ನಾವಿಬ್ಬರೂ ಒಟ್ಟಿಗೆ ಓದೋದು ಅಂತ ಮಾಡಿದ್ವಿ, ಒಬ್ಬಳೇ ಓದಿದ್ರೆ ಭಯ ಆಗುತ್ತೆ, ಇಬ್ಬರಾದ್ರೆ ನಗು ಬರುತ್ತೆ. ಅವಳು ಜೋರಾಗಿ ಓದೋದು, ನಾನು ನಮ್ಮದರಲ್ಲಿ ಬೆರಳಿಟ್ಟು ನೋಡೋದು.

೫೯೨ನೇ ಪುಟದಲ್ಲಿ ಜಗಳ ಆಯ್ತು. ದೊಡ್ಡ ಹುಡುಗಿ ಹಿಡಿಕೆ ಮೇಲೆ ಕೈ ಇಡ್ತಾಳಲ್ಲ, ಅಮ್ಮನ ಫೇಮಸ್ ವಾಕ್ಯ, ನಾನು ಬಾಯಿಪಾಠ ಹೇಳ್ಬಿಟ್ಟೆ, “ಆಮೇಲೆ ತಿರುಗಿ ನೋಡದೆ ಓಡಿದಳು.” ಹಲ್ಲುತಂತಿ, “ಏನೇ ಓಡಿದಳು? ಹಿಡಿಕೆ ತಿರುಗಿಸಿದಳು ಅಂತ ಇದೆ, ಕಣ್ಣು ಅಂಗಡೀಲಿ ಬಿಟ್ಟು ಬಂದಿದೀಯಾ?” ಅಂದ್ಲು. ನೋಡಿದ್ರೆ ಅವಳದರಲ್ಲಿ ಅಲ್ಲಿ ನಡುವೆ ಇನ್ನೂ ನಲವತ್ತೆಂಟು ಪುಟ ಇದೆ! ಆಮೇಲೆ ಎಲ್ಲೋ ೬೪೧ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದಾಗ ಅವಳು ಓಡೋದು, ಅದೂ ಮಿಕ್ಕವರನ್ನ ಕರೆಯೋಕೆ.

ನಡುವೆ ಏನಾಗುತ್ತೆ ಅಂದ್ರೆ ಅವಳು ಒಳಗೆ ಹೋಗ್ತಾಳೆ. ಅಲ್ಲಿ ದೆವ್ವ ಗಿವ್ವ ಏನಿಲ್ಲ. ಅವಳನ್ನ ಸಾಕಿದ ಚಿಕ್ಕಮ್ಮ ಮಲಗಿರ್ತಾಳೆ, ಕಾಯಿಲೆ. ಅವಳಿಗೇ ಭಯ ಆಗಿರುತ್ತೆ. ಹುಡುಗಿ ಪಕ್ಕ ಕೂತ್ಕೊಂಡು ನೀರು ಕುಡಿಸ್ತಾಳೆ. ಆಮೇಲೆ ಅವಳಿಗೆ ಯಾವ ಉಸಿರು ಕೇಳಿದ್ರೂ ಭಯ ಆಗಲ್ಲ, ಅದಕ್ಕೇ ಚಿಮಣೀದು ಸೋಲೋದು. ಪುಸ್ತಕದಲ್ಲಿ ಮುಖ್ಯವಾದ ಭಾಗಾನೇ ಅದು, ಅಜ್ಜಾ. ನಿನ್ನದರಲ್ಲಿ ಅದು ಹೇಗೆ ಸೋತಿತು ಅಂತ ಗೊತ್ತೇ ಆಗಲ್ಲ.

ಅಮ್ಮನಿಗೆ ಓದಿ ಹೇಳಿದೆ. ಅವಳು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡಳು. ಪೂರ್ತಿ. ಅಪ್ಪ ಹೆದರಿಬಿಟ್ಟ.

ಆ ಪುಟಗಳು ನಿನ್ನ ಹತ್ರ ಇದ್ರೆ ಕಳಿಸು, ನಾನು ಅಂಟಿಸ್ತೀನಿ.

ನಿನ್ನ
ಪಿಟೀಲು


ಜೂನ್ ೨೧

ಅಪ್ಪ,

ಹತ್ತೊಂಬತ್ತು ದಿನ ಕಾದೆ. ನೀನು ಬರೆಯುತ್ತೀಯೆಂದುಕೊಂಡಿದ್ದೆ.

ನಾನು ಮಾತು ಬೇಡ ಎಂದಿದ್ದೆ. ಈಗ ನಾನೇ ಆಡುತ್ತೇನೆ. ಆ ದಿನ ನಾನು ಶಾಲೆಯಿಂದ ಬಂದು ಒಳಗೆ ಚೀಲ ಇಟ್ಟಾಗ ನಾಲ್ಕು ಗಂಟೆ. ಅಮ್ಮ ಕರೆದಳು. “ಮೊಂಡೀ.” ಆಮೇಲೆ ಇನ್ನೊಂದು ಸಲ. ನಾನು ಹೋಗಿ ಹಿಡಿಕೆಯ ಮೇಲೆ ಕೈ ಇಟ್ಟೆ. ಹಿತ್ತಾಳೆ, ತಣ್ಣಗಿತ್ತು. ಬಾಗಿಲ ಆ ಕಡೆ ಆ ಉಸಿರು. ಅಮ್ಮನದು ಎಂದು ಗೊತ್ತಿತ್ತು, ಅಮ್ಮನದಲ್ಲ ಎಂದೂ ಅನಿಸುತ್ತಿತ್ತು. ಆಗ ಆ ವಾಕ್ಯ ಬಂತು. ಪುಸ್ತಕದ ಹುಡುಗಿ ಓಡಿದಳಲ್ಲ ಎಂದು ನಾನೂ ಓಡಿದೆ. ಬಸ್ ನಿಲ್ಲುವಲ್ಲಿಯವರೆಗೆ ಹೋಗಿ ಕಂಬ ಹಿಡಿದು ನಿಂತಿದ್ದೆ. ತಿರುಗಿ ಬಂದಾಗ ನರ್ಸಮ್ಮ ಬಂದಿದ್ದರು, ಎಲ್ಲ ಮುಗಿದಿತ್ತು.

ಅವರು ನಿನ್ನನ್ನು ಕೇಳಿದರು. “ಯಾರೂ ಹತ್ರ ಇರ್ಲಿಲ್ವಾ?” ನೀನು ಹೇಳಿದೆ, “ಮೆಷಿನ್ ಸದ್ದಲ್ಲಿ ನನಗೆ ಕೇಳಿಸ್ಲಿಲ್ಲ. ಮಗಳಿದ್ದಳು ಮನೇಲಿ.” ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅವರು ನನ್ನ ಕಡೆ ನೋಡಿದ ನೋಟಕ್ಕೆ ನಾನು ಮೂವತ್ತೊಂದು ವರ್ಷದಿಂದ ಉತ್ತರ ಹುಡುಕುತ್ತಿದ್ದೇನೆ. ಇದ್ದದ್ದು ಒಂದೇ ಉತ್ತರ, ಆ ವಾಕ್ಯ. ಅತಿ ಧೈರ್ಯದವಳೂ ಓಡಿದಳು.

ಓಡಲಿಲ್ಲವಂತೆ. ಒಳಗೆ ಹೋದಳಂತೆ. ನೀರು ಕುಡಿಸಿದಳಂತೆ.

ನಾನು ನಿನ್ನ ಮೇಜಿನ ಪಕ್ಕ ಬೆಳೆದವಳು. ಫಾರಂ ಲೆಕ್ಕ ಗೊತ್ತು, ನಲವತ್ತೆಂಟು ಪುಟವೆಂದರೆ ಮೂರು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಒಂದೇ ಪ್ರಶ್ನೆ: ಗೊತ್ತಿದ್ದು ತೆಗೆದೆಯಾ?

ಮಗಳು


ಜೂನ್ ೩೦

ಮೊಂಡೀ,

ಬೈಂಡಿಂಗ್ ಕೆಲಸದಲ್ಲಿ ಫಾರಂ ತಪ್ಪುವುದು ಹೊಸದೇನಲ್ಲ. ಒಂದರ ಕೆಳಗೆ ಒಂದು ಸೇರಿಕೊಳ್ಳುತ್ತವೆ, ರದ್ದಿಯ ಜೊತೆ ಹೋಗುತ್ತವೆ. ಆ ವಾರ ನನ್ನ ತಲೆ ಎಲ್ಲಿತ್ತು ಎಂದು ನೀನೇ ಯೋಚಿಸು. ಕೈತಪ್ಪು, ಅಷ್ಟೇ. ಹ್ಯೂಮನ್ ಎರರ್. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಪಿಟೀಲಿಗೆ ಹಕ್ಕಿಗಳ ಪುಸ್ತಕ ಬೇರೆ ಕಳಿಸಿದ್ದೇನೆ.

ಅಪ್ಪ


ಜುಲೈ ೮

ಅಪ್ಪ,

ಒಂಬೈನೂರ ಹನ್ನೆರಡು ಪುಟಸಂಖ್ಯೆಗಳೂ ಕೈತಪ್ಪಿ ಹೋದವೆ?


ಸೆಪ್ಟೆಂಬರ್ ೨೧, ಭಾನುವಾರ

ಮೊಂಡೀ,

ರಜಾ ಚೀಟಿ ಬರೆಯುವುದನ್ನು ಕಲಿಸುವಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಸುತ್ತಿ ಬಳಸಬೇಡಿ, ಐ ಬೆಗ್ ಟು ಸ್ಟೇಟ್ ಎಂದು ಹಾಕಿ ಮೊದಲ ಸಾಲಿನಲ್ಲೇ ವಿಷಯ ಹೇಳಿಬಿಡಿ ಎಂದು. ಸರಿ. ಐ ಬೆಗ್ ಟು ಸ್ಟೇಟ್, ಗೊತ್ತಿದ್ದೇ ತೆಗೆದೆ.

ಈ ಸಾಲು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದೇನೆ, ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು. ಜುಲೈಯಿಂದ ನೀನು ಬರೆದಿಲ್ಲ, ಫೋನೂ ಇಲ್ಲ, ಇರಲಿ, ಅದು ನ್ಯಾಯವೇ. ಹೊಲಿಗೆಯಾಕೆ ಮೊನ್ನೆ ಕೇಳಿದಳು, “ಮಗಳು ಕಾಗದ ಹಾಕ್ಲಿಲ್ವಾ? ಏನು ಮಾಡಿದ್ರಿ ಅವಳಿಗೆ?” ತಮಾಷೆಗೆ ಕೇಳಿದ್ದು. ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅವಳು ಗಾಬರಿಯಾಗಿ ಹೊಲಿಗೆ ಬಿಟ್ಟು ಬಂದಳು.

ನೀನು ಮೂವತ್ತೇಳನೆಯ ಫಾರಂ ಮುಗಿಸಿದ ದಿನ “ಮುಂದಿಂದು” ಎಂದು ಕೈ ಚಾಚಿದೆ. ನಾಳೆ ಎಂದೆ. ನೀನು ಕಾಲು ಅಪ್ಪಳಿಸಿ ಹೋದೆ. ನಾನು ಮೊದಲು ಓದಿ ನೋಡೋಣ, ಅತಿ ಭಯದ್ದೇನಾದರೂ ಇದ್ದರೆ ಎಂದುಕೊಂಡು ಮುಂದಿನ ಮೂರನ್ನೂ ನಿಂತುಕೊಂಡೇ ಓದಿದೆ. ಭಯದ್ದೇನೂ ಇರಲಿಲ್ಲ. ಪಿಟೀಲು ಬರೆದಿದ್ದಾಳಲ್ಲ, ಕಾಯಿಲೆಯ ಚಿಕ್ಕಮ್ಮ, ನೀರು. ಆದರೆ ಅವಳು ಒಂದು ಸಣ್ಣ ಜಾಗ ಬಿಟ್ಟಿದ್ದಾಳೆ, ಅಥವಾ ಅವಳ ವಯಸ್ಸಿಗೆ ಅದು ಮುಖ್ಯ ಅನಿಸಿರಲಿಕ್ಕಿಲ್ಲ. ನೀನು ಓದಿರುತ್ತೀಯ. ಹುಡುಗಿ ಕೇಳುತ್ತಾಳೆ, ಚಿಕ್ಕಪ್ಪ ಯಾಕೆ ಒಳಗೆ ಬರುವುದಿಲ್ಲ? ಚಿಕ್ಕಮ್ಮ ಹೇಳುತ್ತಾಳೆ, ಅವನಿಗೆ ಭಯ, ಪಾಪ, ನೀನು ಅವನನ್ನು ಕೇಳಬೇಡ.

ಬರೆದವರಿಗೆ ನಮ್ಮ ಮನೆ ಯಾರು ತೋರಿಸಿದರೋ!

ನಿನ್ನಮ್ಮನ ಕೋಣೆಗೆ ನಾನು ಹೋಗದೆ ಆಗಲೇ ಎರಡು ದಿನವಾಗಿತ್ತು. ಆಮೇಲೆ ಒಂಬತ್ತು ದಿನ. ಒಟ್ಟು ಹನ್ನೊಂದು. ನಿನಗೂ ನರ್ಸಮ್ಮನಿಗೂ ನಾನು ಕೊಟ್ಟ ಕಾರಣ ನೆನಪಿರಬೇಕು: “ಕಾಗದದ ಧೂಳು ಮೈಮೇಲಿರುತ್ತೆ, ಅವಳ ಎದೆಗೆ ಆಗಲ್ಲ.” ಎಂಥ ಒಳ್ಳೆಯ ಕಾರಣ ನೋಡು. ನರ್ಸಮ್ಮ ಮೆಚ್ಚಿಕೊಂಡಿದ್ದರು, “ಎಷ್ಟು ಕಾಳಜಿ ಇವರಿಗೆ” ಅಂತ. ಮೈ ತೊಳೆದುಕೊಂಡು ಬಟ್ಟೆ ಬದಲಾಯಿಸಿ ಹೋಗಬಹುದಲ್ಲ ಎಂದು ಯಾರೂ ಕೇಳಲಿಲ್ಲ. ನಿನ್ನಮ್ಮ ಕೂಡ. ಮದುವೆಯಾದ ಹೊಸದರಲ್ಲಿ ನನ್ನ ಪಕ್ಕ ಕೂತು ಫಾರಂ ಮಡಚುತ್ತಿದ್ದವಳು ಅವಳು, ನನಗಿಂತ ಚುರುಕು. “ನಿಮ್ಮ ಮಡಿಕೆ ನೋಡಿ, ನಿಮ್ಮ ಮೂಗಿನ ಹಾಗೇ ಸೊಟ್ಟ” ಎಂದು ದಿನಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ. ಅಂಥವಳ ಕೈ ಹಾಸಿಗೆಯ ಮೇಲೆ ಕಡ್ಡಿಯ ಹಾಗೆ ಬಿದ್ದಿದ್ದನ್ನು ಒಂದು ಬೆಳಿಗ್ಗೆ ನೋಡಿದೆ, ಆಮೇಲೆ ನೋಡಲು ಆಗಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಹುಡುಕಿದ್ದೇನೆ, ಇಲ್ಲ.

ಆ ಮೂರು ಫಾರಂ ಓದಿದರೆ ನೀನು ಎದ್ದು ಹೋಗಿ ಬಾಗಿಲು ತೆಗೆಯುತ್ತೀಯ ಎಂದು ನನಗೆ ಗೊತ್ತಿತ್ತು. ತೆಗೆದರೆ ನೀನೂ ಕೇಳುತ್ತೀಯ, ಅಪ್ಪ ಯಾಕೆ ಬರುವುದಿಲ್ಲ ಎಂದು. ಅವಳು ಏನು ಹೇಳುತ್ತಾಳೆಂದೂ ಗೊತ್ತಿತ್ತು. ನನ್ನನ್ನು ಪಾಪ ಎನ್ನುತ್ತಾಳೆ. ಹಾಗಾಗಿ ನಲವತ್ತೊಂದನೆಯದನ್ನು ಎತ್ತಿ ಮೂವತ್ತೇಳರ ಪಕ್ಕ ಇಟ್ಟು ನೋಡಿದೆ. ವಾಕ್ಯ ಕೂಡಿತು. ಎಷ್ಟು ಸಲೀಸಾಗಿ ಕೂಡಿತೆಂದರೆ ನನಗೆ ಕೆಲಸದ ಹೆಮ್ಮೆಯೇ ಆಯಿತು, ಅದನ್ನೂ ಬರೆದುಬಿಡುತ್ತೇನೆ. ಮರುದಿನ ನಿನಗೆ ಕೊಟ್ಟೆ. ಪುಟಸಂಖ್ಯೆ ಜಿಗಿದದ್ದನ್ನೂ ನೀನು ನೋಡಲಿಲ್ಲ, ಅನುಮಾನ ಪಡಲಿಲ್ಲ. ನಾನು ಕೊಟ್ಟದ್ದನ್ನು ಅನುಮಾನಿಸುವುದು ನಿನಗೆ ಬರುತ್ತಿರಲಿಲ್ಲ. ತೆಗೆದ ಹಾಳೆಗಳನ್ನು ಉದ್ದುದ್ದ ಸೀಳಿ ಬೇರೆ ಪುಸ್ತಕಗಳ ಬೆನ್ನಿನ ಒಳಗೆ ಅಂಟಿಸಿದೆ, ರದ್ದಿ ಕಾಗದವನ್ನು ನಾವು ಮಾಡುವುದೇ ಹಾಗೆ. ಯಾರ ಯಾರ ಕಪಾಟಿನಲ್ಲಿವೆಯೋ. ಪಿಟೀಲಿಗೆ ಹೇಳು, ಕಳಿಸಲು ನನ್ನಲ್ಲಿ ಇಲ್ಲ.

ಇನ್ನು ಪುಟಸಂಖ್ಯೆ. ನೀನು ಅಂದುಕೊಂಡಿರುವುದು ಮೋಸ ಮುಚ್ಚಲು ಕತ್ತರಿಸಿದೆ ಎಂದು. ಹಾಗಾಗಿದ್ದರೆ ಒಂದು ರೀತಿ ಪರವಾಗಿರಲಿಲ್ಲ.

ಆ ದಿನ ನಾಲ್ಕು ಗಂಟೆಗೆ ನಾನು ಮುಂದಿನ ಕೋಣೆಯಲ್ಲಿ ಇದೇ ಪುಸ್ತಕವನ್ನು ಕತ್ತರಿ ಯಂತ್ರಕ್ಕೆ ಕೊಟ್ಟಿದ್ದೆ. ಹೊಲಿಗೆ ಮುಗಿದಿತ್ತು, ಅಂಚು ಸಮ ಮಾಡುವುದಷ್ಟೇ ಬಾಕಿ. ಯಂತ್ರ ಆಫ್ ಆಗಿತ್ತು, ಮೋಟಾರು ಇನ್ನೂ ಹಾಕಿರಲಿಲ್ಲ. ಅವಳು “ಮೊಂಡೀ” ಎಂದು ಕರೆದಳು. ಎರಡು ಸಲ. ನೀನು ಹೋಗಿದ್ದೂ ಗೊತ್ತು, ನನ್ನ ಕೋಣೆಯಿಂದ ನಡುಮನೆಗಿರುವ ಬಾಗಿಲು ತೆರೆದಿತ್ತು. ನೀನು ಹಿಡಿಕೆಯ ಮೇಲೆ ಕೈ ಇಟ್ಟು ನಿಂತಿದ್ದೆ, ಎಡಗಾಲಿನ ಕಾಲುಚೀಲ ಜಾರಿತ್ತು. ಆಮೇಲೆ ನೀನು ನನ್ನ ಮೇಜಿಗೆ ತಾಗಿಕೊಂಡೇ ಓಡಿಹೋದೆ. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಏನಾದರೂ ಹೇಳಬೇಕಾಗುತ್ತಿತ್ತಲ್ಲ.

ಆಮೇಲೆ ಅವಳು ನನ್ನನ್ನು ಕರೆದಳು.

“ರೀ” ಅಂದಳು. ಒಂದೇ ಸಲ. ಜೋರಾಗಿ ಅಲ್ಲ, ಕನ್ನಡಕ ಎಲ್ಲಿಟ್ಟೆ ಎಂದು ಕೇಳುವಾಗ ಕರೆಯುವ ಹಾಗೆ.

ನಾನು ಮೋಟಾರು ಹಾಕಿದೆ.

ನರ್ಸಮ್ಮನಿಗೆ ಹೇಳಿದ್ದು ಸುಳ್ಳು. ನನಗೆ ಕೇಳಿಸಿತ್ತು. ಕೇಳಿಸಿದ ಮೇಲೆಯೇ ಸದ್ದು ಮಾಡಿದ್ದು. ಯಂತ್ರ ಸುಮ್ಮನೆ ಓಡಿದರೆ ನನಗೇ ನಾಚಿಕೆ, ಏನಾದರೂ ಕತ್ತರಿಸಬೇಕಲ್ಲ, ಅದರ ಬಾಯಲ್ಲಿ ಆ ಪುಸ್ತಕವಿತ್ತು. ಕೆಳಗಿನ ಅಂಚನ್ನು ಕೂದಲೆಳೆಯಷ್ಟು ತೆಗೆದೆ. ಸಾಕಾಗಿತ್ತು. ಇನ್ನೊಂದು ಸಲ ತೆಗೆದೆ. ಇನ್ನೊಂದು. ಸಂಖ್ಯೆಗಳ ಕಾಲು ಹೋಯಿತು, ಸೊಂಟ ಹೋಯಿತು, ನೋಡುತ್ತಲೇ ಇದ್ದೆ, ನಿಲ್ಲಿಸಲಿಲ್ಲ. ಕೆಲಸ ಕಲಿಯುವ ಹುಡುಗರೂ ಮಾಡದ ತಪ್ಪು. ಇನ್ನೊಂದು ಸಲ ತೆಗೆದರೆ ಅಕ್ಷರಗಳೇ ಹೋಗುತ್ತವೆ ಎನ್ನುವಾಗ ನಿಲ್ಲಿಸಬೇಕಾಯಿತು. ನಿಲ್ಲಿಸಿದೆ. ಮೋಟಾರು ಇಳಿದು ಇಳಿದು ನಿಂತಿತು. ಆಮೇಲೆ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ, ಎದೆಯದೂ. ಆಗಲೂ ನಾನು ಒಳಗೆ ಹೋಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಕಾಗದದ ಎಳೆಗಳನ್ನು ಗುಡಿಸಿದೆ. ಐದು ಗಂಟೆಗೆ ನರ್ಸಮ್ಮ ಬಂದರು.

ಅವರು ಕೇಳಿದಾಗ “ಮಗಳಿದ್ದಳು ಮನೇಲಿ” ಎಂದೆ. ನೀನು ಹೊಸ್ತಿಲಲ್ಲಿ ನಿಂತಿದ್ದು ನನಗೆ ಕಾಣಿಸಿತ್ತು. ಕಾಣಿಸದೆ ಹೇಳಿದ್ದಲ್ಲ.

ಭಯ ಅಬ್‌ಸ್ಟ್ರ್ಯಾಕ್ಟ್ ನೌನ್, ಕೈಗೆ ಸಿಗದ ವಸ್ತು, ಎಂದು ಕಾಲೇಜಿನಲ್ಲಿ ಬರೆಸಿದ್ದರು. ಆ ಮೇಷ್ಟ್ರನ್ನು ಕರೆತಂದು ನಮ್ಮ ಬಾಗಿಲಿನ ಹಿಡಿಕೆ ಮುಟ್ಟಿಸಬೇಕಿತ್ತು. ಆದರೆ ಅದನ್ನು ಹೇಳಲು ನಾನ್ಯಾರು? ನೀನು ಮುಟ್ಟಿದವಳು. ಹನ್ನೆರಡು ವರ್ಷಕ್ಕೆ, ಅರ್ಧ ಪುಸ್ತಕ ಓದಿಕೊಂಡು, ಸುಳ್ಳು ವಾಕ್ಯ ತಲೆಯಲ್ಲಿಟ್ಟುಕೊಂಡು, ಅವಳು ಕರೆದ ತಕ್ಷಣ ಎದ್ದು ಹಿಡಿಕೆಯವರೆಗೆ ಹೋದೆ. ನಲವತ್ತು ವರ್ಷದ ಗಂಡಸು ಪೂರ್ತಿ ಪುಸ್ತಕ ಓದಿದ್ದ, ಮುಂದೆ ಏನಿದೆ ಎಂದು ಅವನಿಗೆ ಗೊತ್ತಿತ್ತು, ಅವನು ಮುಕ್ಕಾಲಿಯಿಂದ ಏಳಲಿಲ್ಲ. ನರ್ಸಮ್ಮನ ನೋಟಕ್ಕೆ ಉತ್ತರ ಕೊಡಬೇಕಾದವನು ನಾನು. ನೀನು ನನ್ನ ಬದಲಿಗೆ ಹುಡುಕಿದೆ, ಮೂವತ್ತೊಂದು ವರ್ಷ. ನಾನು ಸುಮ್ಮನೆ ಇದ್ದೆ. ನಿನ್ನ ಮನೆಗೆ ಬಂದಾಗ ತೆರೆದ ಬಾಗಿಲುಗಳನ್ನು ನೋಡಿ, ಗಾಳಿ ಚೆನ್ನಾಗಿ ಬರುತ್ತೆ ಅಂತ ಹೇಳುತ್ತಿದ್ದೆ.

ಕ್ಷಮಿಸು ಎಂದು ಬರೆಯಲು ಹೋಗಿ ಬಿಟ್ಟಿದ್ದೇನೆ. ಅದನ್ನು ಬರೆದರೆ ಮುಂದೆ ನಿನ್ನ ಸರದಿ ಎಂದಾಗುತ್ತದೆ, ಇನ್ನೊಂದು ಕೆಲಸ ನಿನ್ನ ತಲೆಗೆ ಕಟ್ಟಿದ ಹಾಗೆ. ಪಿಟೀಲು ಆ ಇನ್ನೊಂದು ಹುಡುಗಿಯ ಪ್ರತಿಯಲ್ಲೇ ಓದಿ ಮುಗಿಸಲಿ. ಈ ಕಾಗದವನ್ನು ಅವಳಿಗೆ ಓದಿ ಹೇಳಬೇಕೋ ಬೇಡವೋ, ನಿನಗೆ ಬಿಟ್ಟದ್ದು. ಹೇಳಿದರೆ ಪೂರ್ತಿ ಹೇಳು.

ಬೆಳಕು ಹೋಗುತ್ತಿದೆ. ಈ ಸಾಲು ಅಂದಾಜಿನ ಮೇಲೆ ಬರೆಯುತ್ತಿದ್ದೇನೆ, ಸೊಟ್ಟಗಿದ್ದರೆ ಅದಕ್ಕೇ. ದೀಪ ಹಾಕಬಹುದು, ಸ್ವಿಚ್ಚು ಕೈಗೆಟುಕುವ ದೂರದಲ್ಲಿದೆ. ಹಾಕಿದರೆ ಬರೆದದ್ದನ್ನು ಮೊದಲಿನಿಂದ ಓದುತ್ತೇನೆ, ಓದಿದರೆ ಹರಿದುಹಾಕುತ್ತೇನೆ, ನನ್ನನ್ನು ನಾನು ಬಲ್ಲೆ. ಆದ್ದರಿಂದ ಏನೂ ಕಾಣದಿರುವಾಗಲೇ ಮಡಚಿ ಅಂಟಿಸುತ್ತೇನೆ.

ಅಪ್ಪ